ಸೊಂಟದ ಮೇಲಿನ ಅರ್ಧ

ಡಾಕ್ಟರ್ ವತ್ಸಲಾ ನಿವೃತ್ತರಾದದ್ದು ಸ್ಟ್ಯಾನ್ಮೋರಿನ ಕನ್ನಡದವರಿಗೆ ಅಷ್ಟೇನೂ ಒಳ್ಳೆಯದಾಗಲಿಲ್ಲ. ಪಶ್ಚಿಮ ಲಂಡನ್ನಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ಹೆಂಗಸು ಅವರು. ಬೆಳಗಾದರೆ ವಾರ್ಡಿಗೆ ಹೋಗಿ, ಹತ್ತು ಮಂದಿಯನ್ನು ಗದರಿಸಿ, ನಾಲ್ಕು ಮಂದಿಯ ಬೆನ್ನು ಸವರಿ, ಕೈ ತೊಳೆದು ಮನೆಗೆ ಬರುತ್ತಿದ್ದರು. ಈಗ ಆ ಗದರಿಕೆಗೆಲ್ಲ ಜಾಗ ಬೇಕಾಯಿತು. ಭಜನೆ ಗುಂಪಿಗೆ ಸೇರಿಕೊಂಡರು. ದಾಸರ ಪದ ಮುಗಿಯುವವರೆಗೂ ಎದುರಿಗೆ ಕೂತವರ ಕುತ್ತಿಗೆಯನ್ನೇ ನೋಡುತ್ತಿದ್ದು, ಮಂಗಳಾರತಿಗೆ ಎಲ್ಲರೂ ಎದ್ದು ನಿಂತಾಗ, ನಿಮಗೆ ಥೈರಾಯ್ಡ್ ಇದೆ, ತೋರಿಸಿಕೊಳ್ಳಿ ಎಂದುಬಿಟ್ಟರು. ಥೈರಾಯ್ಡ್ ಇದ್ದದ್ದೇನೋ ನಿಜವೇ. ಆದರೆ ಮುಂದಿನ ಶನಿವಾರ ಭಜನೆ ಯಾರ ಮನೆಯಲ್ಲೆಂದು ಅವರಿಗೆ ಯಾರೂ ತಿಳಿಸಲಿಲ್ಲ.

ಗಂಡ ನರಸಿಂಹಮೂರ್ತಿಯವರು ಮೈಸೂರಿನವರು, ಅರಿವಳಿಕೆ ವೈದ್ಯರು. ಕೆಲಸದಲ್ಲಿದ್ದಷ್ಟು ಕಾಲವೂ ಅವರ ರೋಗಿಗಳೆಲ್ಲ ನಿದ್ದೆಯಲ್ಲೇ ಇದ್ದುದರಿಂದ ಮಾತಿಲ್ಲದೆ ಹೊತ್ತು ಕಳೆಯುವುದು ಅವರಿಗೆ ರೂಢಿಯಾಗಿತ್ತು. ನಿವೃತ್ತಿಯ ಮೇಲೆ ರೋಗಿಗಳ ಜಾಗಕ್ಕೆ ಗುಲಾಬಿ ಗಿಡಗಳು ಬಂದವು, ಅಷ್ಟೇ ವ್ಯತ್ಯಾಸ. ಧಾರವಾಡದ ವತ್ಸಲಾ ಅವರಿಗೆ ಗಿಡಗಳ ಜೊತೆ ಸರಿಹೋಗುತ್ತಿರಲಿಲ್ಲ. ಗಿಡಗಳು ತಿರುಗಿ ಉತ್ತರ ಕೊಡುವುದಿಲ್ಲ.

ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಗಂಡ ನೀರಿನ ಪೈಪನ್ನು ಒಂದೇ ಗಿಡದ ಬುಡಕ್ಕೆ ಹಿಡಿದು ನಿಂತು, ಇನ್ನೊಂದು ಕೈಯಲ್ಲಿದ್ದ ಮೊಬೈಲ್ ನೋಡಿಕೊಂಡು ಒಬ್ಬರೇ ನಗುತ್ತಿದ್ದರು. ಗುಲಾಬಿ ಮುಳುಗುವುದರಲ್ಲಿತ್ತು. ವತ್ಸಲಾ ಹೊರಗೆ ಹೋಗಿ ಮೊದಲು ನಲ್ಲಿ ನಿಲ್ಲಿಸಿದರು, ಆಮೇಲೆ ಮೊಬೈಲ್ ಕಿತ್ತುಕೊಂಡರು. ಪರದೆಯ ಮೇಲೆ ಒಬ್ಬ ಚೆಲುವೆ. ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳಿದಾಗ ಅವಳು ಸೊಂಟದ ಹತ್ತಿರ ಎರಡು ತುಂಡಾದಳು. ಇನ್ನೊಮ್ಮೆ ತಳ್ಳಿದಾಗ ಮೇಲಿನ ತುಂಡಿಗೆ ಬಾವಲಿಯ ರೆಕ್ಕೆ ಮೂಡಿ, ಸ್ಟ್ರಾಟ್‌ಫರ್ಡಿನ ಶಾಪಿಂಗ್ ಸೆಂಟರಿನ ಮೇಲೆ, ಕರುಳನ್ನು ಸೆರಗಿನಂತೆ ಇಳಿಬಿಟ್ಟುಕೊಂಡು ಹಾರಿಹೋಯಿತು. ಚಿತ್ರದ ಮೂಲೆಯಲ್ಲಿ ಬರೆದವಳ ಸಹಿ ಇತ್ತು: ನಿಖಿತಾ. ಅವರ ಒಬ್ಬಳೇ ಮಗಳು.

ನಿಖಿತಾ ಅಕ್ಸ್‌ಬ್ರಿಡ್ಜಿನ ಕಂಪನಿಯೊಂದರಲ್ಲಿ ವಿಮೆಯ ಜಾಹೀರಾತಿಗೆ ನಗುವ ಕುಟುಂಬಗಳ ಚಿತ್ರ ಬರೆಯುತ್ತಿದ್ದಳು. ಆ ಕೆಲಸ ಬಿಟ್ಟಿದ್ದು ತಂದೆಗೆ ಗೊತ್ತಿತ್ತು, ತಾಯಿಗೆ ಗೊತ್ತಿರಲಿಲ್ಲ. ಈಗ ಅವಳು ಸ್ಟ್ರಾಟ್‌ಫರ್ಡಿನ ಫ್ಲ್ಯಾಟೊಂದರಲ್ಲಿ ಕಾಲೇಜಿನ ಗೆಳತಿ ಮಯುಮಿಯ ಜೊತೆ ಇದ್ದಳು. ಮಯುಮಿಯ ಮನೆಯವರು ಫಿಲಿಪೀನ್ಸಿನವರು. ಅವರ ಭಾಷೆಯಲ್ಲಿ ಆ ಹೆಸರಿಗೆ ಮೃದು ಸ್ವಭಾವದವಳು ಎಂದು ಅರ್ಥ. ಹೆಸರಿಟ್ಟವರು ಸ್ವಲ್ಪ ಕಾದು ನೋಡಬಹುದಿತ್ತು. ಫಿಲಿಪೀನ್ಸಿನ ಹಳೆಯ ಪುರಾಣಗಳ ದೇವರು ದೆವ್ವಗಳನ್ನು ಇವತ್ತಿನ ಲಂಡನ್ನಿಗೆ ತಂದು, ಹದಿನಾರು ಹದಿನೇಳರ ಹುಡುಗ ಹುಡುಗಿಯರು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಓದುವಂಥ ಕಾಮಿಕ್ಸ್ ಮಾಡುವುದು ಇಬ್ಬರ ಯೋಜನೆ. ಕಥೆ ಮಯುಮಿಯದು, ಚಿತ್ರ ನಿಖಿತಾಳದು.

ಅವರ ಮೊದಲ ನಾಯಕಿಯೇ ಈ ತುಂಡಾಗುವವಳು. ಮನನಂಗ್ಗಲ್ ಎಂದು ಅವಳ ಹೆಸರು. ನರಸಿಂಹಮೂರ್ತಿಯವರು ಎಷ್ಟು ಮನನ ಮಾಡಿಕೊಂಡರೂ ಬಾಯಲ್ಲಿ ನಿಲ್ಲದ ಹೆಸರು. ಹಗಲೆಲ್ಲ ಅವಳು ಸಾಧಾರಣ ಹೆಂಗಸು. ಕತ್ತಲಾದರೆ ಕಾಲುಗಳನ್ನು ಬಾಳೆಯ ತೋಪಿನಲ್ಲೋ ಹಿತ್ತಲಲ್ಲೋ ನಿಲ್ಲಿಸಿ ಮೇಲಿನರ್ಧ ಮಾತ್ರ ಹಾರುತ್ತದೆ. ಬಸುರಿ ಮಲಗಿರುವ ಮನೆಯ ಮಾಡಿನ ಮೇಲೆ ಕೂತು, ದಾರದಂಥ ನಾಲಿಗೆಯನ್ನು ಸಂದಿಯಿಂದ ಇಳಿಸಿ ಗರ್ಭದ ಕೂಸನ್ನು ಹೀರಿಬಿಡುತ್ತದೆ. ಅವಳು ಹಿಂದಿರುಗುವುದರೊಳಗೆ ಕೆಳಗಿನರ್ಧದ ಮೇಲೆ ಯಾರಾದರೂ ಉಪ್ಪು ಸುರಿದರೆ ಮತ್ತೆ ಕೂಡಿಕೊಳ್ಳಲಾರದೆ ಸೂರ್ಯ ಹುಟ್ಟಿದೊಡನೆ ಸಾಯುತ್ತಾಳೆ. ಇದು ಅಲ್ಲಿನ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ಕಥೆ. ನಮ್ಮ ಹುಡುಗಿಯರು ಅವಳನ್ನು ಸ್ಟ್ರಾಟ್‌ಫರ್ಡಿನ ಸೆಂಟಿನ ಅಂಗಡಿಯಲ್ಲಿ ಕೆಲಸಕ್ಕೆ ಇಟ್ಟಿದ್ದರು.

ಸ್ಟ್ಯಾನ್ಮೋರ್ ಟ್ಯೂಬ್ ರೈಲಿನ ಜುಬಿಲಿ ಲೈನಿಗೆ ಒಂದು ತುದಿ, ಸ್ಟ್ರಾಟ್‌ಫರ್ಡ್ ಇನ್ನೊಂದು ತುದಿ. ಗಂಡನಿಂದ ಎಲ್ಲ ಬಾಯಿ ಬಿಡಿಸಿ ಹೊರಟ ವತ್ಸಲಾ ಅಷ್ಟು ದೂರವೂ ಆ ಕಾಮಿಕ್ಸನ್ನೇ ಓದಿಕೊಂಡು ಹೋದರು. ಪಕ್ಕದಲ್ಲಿ ಕೂತ ಸೂಟಿನವನೊಬ್ಬ ಇಣುಕಿ ನೋಡಿ ಬಾಂಡ್ ಸ್ಟ್ರೀಟಿನಲ್ಲಿ ಎದ್ದು ಬೇರೆ ಕಡೆ ಹೋಗಿ ಕೂತ.

ಬಾಗಿಲು ತೆರೆದ ನಿಖಿತಾ ಕೆಲಸ ಬಿಟ್ಟದ್ದಕ್ಕೆ ಬೈಗುಳ ಬರುತ್ತದೆಂದು ಮೈಯೆಲ್ಲ ಗಟ್ಟಿ ಮಾಡಿಕೊಂಡು ನಿಂತಿದ್ದಳು. ಬಂದದ್ದು ಬೇರೆ. ವತ್ಸಲಾ ಇಂಗ್ಲಿಷಿನಲ್ಲಿ ಕಾನ್ಫರೆನ್ಸುಗಳನ್ನೇ ನಡೆಸಿದವರು, ಆದರೆ ಬೈಯುವುದಕ್ಕೆ ಮಾತ್ರ ಅವರಿಗೆ ಧಾರವಾಡವೇ ಬೇಕು.

"ಅಲ್ಲವಾ, ಈಕಿ ಸೊಂಟದ ಯಾವ ಎಲುಬಿನ ಕೆಳಗ ತುಂಡಾಗ್ತಾಳ? ಇಲ್ಲಿ ಮೂರನೇದರ ಕೆಳಗ ಬರದೀ, ಮುಂದಿನ ಚಿತ್ರದಾಗ ಐದನೇದಕ್ಕ ಇಳದದ. ದಿನಾ ಒಂದೊಂದು ಕಡೆ ತುಂಡಾದ್ರ ಮುಂಜಾನೆ ಕೂಡೂದು ಹ್ಯಾಂಗ? ಮತ್ತ ಬ್ಲಾಡರ್ ಎಲ್ಲದ? ಕೆಳಗ ಉಳದಿದ್ರ ಚಿಂತಿಲ್ಲ. ಮ್ಯಾಲ ಹೋಗಿದ್ರ ಸ್ಟ್ರಾಟ್‌ಫರ್ಡಿನ ಮಂದಿ ಛತ್ರಿ ಹಿಡಕೊಂಡ ಅಡ್ಡಾಡಬೇಕಾಗ್ತದ."

"ಅಮ್ಮ, ಶಿ ಈಸ್ ಅ ಮಾನ್‌ಸ್ಟರ್," ಎಂದಳು ನಿಖಿತಾ.

ಮಾನ್‌ಸ್ಟರ್ ಆದರೇನು, ಅದಕ್ಕೂ ಬ್ಲಾಡರ್ ಇರುತ್ತದೆ ಎಂದರು ತಾಯಿ. ಒಳಗಿನಿಂದ ಬಂದ ಮಯುಮಿ ಏನು ಹೇಳುತ್ತಿದ್ದಾರೆಂದು ಕೇಳಿದಳು. ನಿಖಿತಾ ತಲೆ ತಗ್ಗಿಸಿಕೊಂಡು ಅನುವಾದಿಸಿದಳು. ಮಯುಮಿ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು, ಆಮೇಲೆ ಪಿಜ್ಜಾದ ಖಾಲಿ ಡಬ್ಬಿ ಹರಿದು ಅದರ ಹಿಂಬದಿಯನ್ನೂ ಒಂದು ಪೆನ್ನನ್ನೂ ಡಾಕ್ಟರ ಮುಂದಿಟ್ಟಳು. ಸಂಜೆಯ ಹೊತ್ತಿಗೆ ಮನನಂಗ್ಗಲ್ ತುಂಡಾಗುವ ಜಾಗ ನಿಶ್ಚಯವಾಯಿತು. ಕರುಳು ಎಷ್ಟು ಜೋತುಬೀಳಬಹುದು, ರಕ್ತನಾಳಗಳನ್ನು ಯಾವುದು ಮುಚ್ಚುತ್ತದೆ ಎಂಬುದೆಲ್ಲ ಇತ್ಯರ್ಥವಾಯಿತು. ನಿವೃತ್ತಿಯಾದ ಮೇಲೆ ವತ್ಸಲಾ ಅಷ್ಟು ಖುಷಿಯಾಗಿದ್ದದ್ದು ಅದೇ ಮೊದಲು.

ಅಷ್ಟಕ್ಕೇ ಎದ್ದು ಬಂದಿದ್ದರೆ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು. ಚಪ್ಪಲಿ ಹಾಕಿಕೊಳ್ಳುತ್ತಾ ಅವರು, ನಾಲಿಗೆಯದೊಂದು ತೆಗೆದುಬಿಡಿ ಎಂದರು. ಅದು ತಮಾಷೆಗೆ ಹೇಳಿದ್ದಲ್ಲವೆಂದು ಮಗಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಕೂಸು ಹೋದ ಎಷ್ಟೋ ಮಂದಿ ಬಾಜೂಕ ಕೂತೀನಿ ನಾನು. ಎಲ್ಲಾರೂ ಕೇಳಿದ್ದು ಒಂದ, ನಾ ಏನ ತಪ್ಪು ಮಾಡಿದೆ ಅಂತ. ಏನೂ ಇಲ್ಲವಾ ಅಂತ ನಾವು ಹೇಳಿ ಕಳಸ್ತೀವಿ. ಮನಿಗೆ ಹೋದ ಮ್ಯಾಲ ಯಾರರೆ ಒಬ್ರು ಅಮಾಸಿ ಅಂತಾರ, ಪಪ್ಪಾಯಿ ಅಂತಾರ, ನೆರೆಮನಿಯಾಕಿ ಕಣ್ಣು ಅಂತಾರ. ನೀವು ಆ ನೆರೆಮನಿಯಾಕಿಗೆ ರೆಕ್ಕಿ ಹಚ್ಚಿ ಮೊಬೈಲಿನಾಗ ಬಿಟ್ಟೀರಿ."

ನಿಖಿತಾಳಿಗೆ ಸಿಟ್ಟು ಬಂತು. ಇದು ಮಯುಮಿಯ ಜನರ ಪುರಾಣ. ಸ್ಟ್ಯಾನ್ಮೋರಿನಿಂದ ಟ್ಯೂಬ್ ಹತ್ತಿ ಬಂದು ಅದನ್ನು ತಿದ್ದುವುದಕ್ಕೆ ನೀನು ಯಾರು ಎಂದು ಇಂಗ್ಲಿಷಿನಲ್ಲಿ ದಬಾಯಿಸಿದಳು. ಮಗಳ ಮಾತು ಒಂದು ಲೆಕ್ಕಕ್ಕೆ ಸರಿ ಎಂದು ವತ್ಸಲಾ ಅವರಿಗೂ ಅನಿಸಿತು, ಆದ್ದರಿಂದ ಅವರ ದನಿ ಇನ್ನೂ ಏರಿತು. ನಡುವೆ ಮಯುಮಿ ಮೆಲ್ಲಗೆ ಬಾಯಿಬಿಟ್ಟಳು. ತನ್ನ ಜನರ ಪುರಾಣ ಎಂದರೂ ತನಗೆ ಗೊತ್ತಿರುವುದೆಲ್ಲ ಇಂಟರ್ನೆಟ್ಟಿನಲ್ಲಿ ಓದಿದ್ದೇ. ಟಿವಿಯಲ್ಲಿ ಇಂಥ ಕಥೆ ಬಂದರೆ ಅಮ್ಮ ಎದ್ದು ಆರಿಸುತ್ತಿದ್ದರು. ಈ ಕಾಮಿಕ್ಸ್ ಕಣ್ಣಿಗೆ ಬಿದ್ದ ದಿನ ಇಲ್ಲಿಗೇ ಬಂದು, ಚಿತ್ರ ಬರೆಯುವ ಟ್ಯಾಬ್ಲೆಟ್ಟಿನ ಮೇಲೆ ಚರ್ಚಿನ ತೀರ್ಥ ಚಿಮುಕಿಸಿ ಹೋದರು. ದೆವ್ವ ಬಿಟ್ಟಿತೋ ಇಲ್ಲವೋ, ಟ್ಯಾಬ್ಲೆಟ್ ಅಂದೇ ಕೈಕೊಟ್ಟಿತು. ಅವತ್ತಿನಿಂದ ತಾಯಿ ಮಗಳಿಗೆ ಮಾತಿಲ್ಲ.

ಆ ತಾಯಿಯನ್ನು ವತ್ಸಲಾ ಚೆನ್ನಾಗಿ ಬಲ್ಲರು, ಹೆಸರು ಮಿಲಾಗ್ರೋಸ್. ವಾರ್ಡಿನಲ್ಲಿ ಎಲ್ಲರಿಗೂ ಮಿಲಾ. ವತ್ಸಲಾ ಡಾಕ್ಟರಾಗಿದ್ದ ಆಸ್ಪತ್ರೆಯಲ್ಲೇ ಅವರು ಸೂಲಗಿತ್ತಿ, ಇಲ್ಲಿನ ಮಾತಿನಲ್ಲಿ ಮಿಡ್‌ವೈಫ್. ಇಬ್ಬರೂ ಸೇರಿ ಆಸ್ಪತ್ರೆಯ ಸುತ್ತಣ ಹಿಲಿಂಗ್ಡನ್ನಿನ ಅರ್ಧ ಜನರನ್ನು ಹುಟ್ಟಿಸಿದವರು. ಡಾಕ್ಟರ್ ಕೂಗಾಡಿದರೆ ಅವರ ಕೈಗೊಂದು ಬಿಸ್ಕತ್ತು ಕೊಟ್ಟು ಆಚೆ ನಿಲ್ಲಿಸುತ್ತಿದ್ದ ಏಕೈಕ ಸಿಬ್ಬಂದಿ ಮಿಲಾ.

ಮರುದಿನ ವತ್ಸಲಾ ಕಾರು ತೆಗೆದುಕೊಂಡು ಅಕ್ಸ್‌ಬ್ರಿಡ್ಜಿಗೆ ಹೋದರು. ಮಿಲಾ ಅನ್ನ ಬಡಿಸಿದರು, ಬದನೆಕಾಯಿ ಬಡಿಸಿದರು, ಬೇಡವೆಂದರೂ ಇನ್ನೊಮ್ಮೆ ಬಡಿಸಿದರು. ಹಳೆಯ ಮ್ಯಾನೇಜರನ್ನು ಇಬ್ಬರೂ ಮನಸಾರೆ ಆಡಿಕೊಂಡರು. ತಟ್ಟೆ ತೊಳೆಯುವಾಗ ವತ್ಸಲಾ ನೇರವಾಗಿ ಕೇಳಿದರು: ಒಂದು ಬೊಂಬೆ ಕಥೆಗೆ ಇಷ್ಟೇಕೆ ಹೆದರುತ್ತೀ?

ಮಿಲಾ ನಲ್ಲಿ ನಿಲ್ಲಿಸಿದರು. ತಾನು ಇಲೋಯ್ಲೋ ಪ್ರಾಂತದವಳಲ್ಲ ಎಂದರು. ಆಸ್ಪತ್ರೆಗೆ ಸೇರಿದ ದಿನದಿಂದ ಎಲ್ಲರಿಗೂ ಅಲ್ಲಿನವಳೆಂದೇ ಹೇಳಿಕೊಂಡು ಬಂದಿದ್ದರು. ಅವರ ನಿಜವಾದ ಊರು ಪಕ್ಕದ ಕಾಪಿಸ್ ಪ್ರಾಂತ. ಕಾಪಿಸ್ ಎಂದರೆ ಸಾಕು, ಅವರ ದೇಶದವರಿಗೆ ನೆನಪಾಗುವುದು ದೆವ್ವದ ಹೆಂಗಸರು. ನೀನೂ ಹಾರುತ್ತೀಯಾ ಎಂದು ನಗುತ್ತಲೇ ಕೇಳುತ್ತಾರೆ, ಆದರೆ ನಿನ್ನ ಊಟದ ಡಬ್ಬಿಗೆ ಕೈ ಹಾಕುವ ಮುಂಚೆ ಒಂದು ಗಳಿಗೆ ತಡೆಯುತ್ತಾರೆ. ಆ ಒಂದು ಗಳಿಗೆ ಬೇಡವೆಂದು ಮಿಲಾ ಊರನ್ನೇ ಬದಲಾಯಿಸಿಕೊಂಡಿದ್ದರು.

ಅವರ ಅಜ್ಜಿ ಊರಿನ ಹಿಲೋತ್. ಹೊಟ್ಟೆ ಸವರಿ ಅಡ್ಡ ಮಲಗಿದ ಕೂಸನ್ನು ತಿರುಗಿಸುವವಳು, ಹೆರಿಗೆ ಮಾಡಿಸುವವಳು. ಒಂದು ವರ್ಷ ಊರಿನ ದೊಡ್ಡ ಮನೆಯ ಸೊಸೆಗೆ ಸತ್ತ ಕೂಸು ಹುಟ್ಟಿತು. ಯಾರ ಮೇಲಾದರೂ ಹಾಕಬೇಕಲ್ಲ. ರಾತ್ರಿ ಹೊತ್ತು ಬಸುರಿಯರ ಮನೆಗೆ ಓಡಾಡುವವಳು ಊರಿಗೆ ಒಬ್ಬಳೇ ಇದ್ದಳು. ಬೆಳಗಾಗುವುದರೊಳಗೆ ಮನೆಯ ಮೆಟ್ಟಿಲ ಮೇಲೆ ಉಪ್ಪು ಬಿದ್ದಿತ್ತು. ಚರ್ಚಿನಲ್ಲಿ ಅವಳು ಕೂತ ಬೆಂಚಿನಲ್ಲಿ ಇನ್ನೊಬ್ಬರು ಕೂರಲಿಲ್ಲ.

"ಆದರೆ ನೋವು ಬಂದಾಗ ಬರುತ್ತಿದ್ದರು, ಡಾಕ್ಟರ್," ಎಂದರು ಮಿಲಾ. "ಉಪ್ಪು ಹಾಕಿದವರೇ ಬರುತ್ತಿದ್ದರು, ಹಿಂದಿನ ಬಾಗಿಲಿಗೆ. ಆ ಬಾಗಿಲು ತೆಗೆಯುವ ಕೆಲಸ ನನ್ನದು. ಈಗ ನನ್ನ ಮಗಳು ಅವಳಿಗೆ ರೆಕ್ಕೆ ಬರೆದು ಊರಿಗೆಲ್ಲ ತೋರಿಸುತ್ತಿದ್ದಾಳೆ."

ರೆಕ್ಕೆ ಬರೆದವಳು ಮಯುಮಿಯಲ್ಲ, ವತ್ಸಲಾ ಅವರ ಮಗಳು ಎಂಬುದು ಇಬ್ಬರಿಗೂ ಗೊತ್ತಿತ್ತು. ವತ್ಸಲಾ ಒರೆಸಿ ಮುಗಿದ ತಟ್ಟೆಯನ್ನೇ ಇನ್ನೊಮ್ಮೆ ಒರೆಸಿದರು. ಕೊನೆಗೆ, ಇದನ್ನು ಮಯುಮಿಗೆ ಹೇಳು ಎಂದರು. ಮಿಲಾ ಆಗದೆಂದು ತಲೆಯಾಡಿಸಿದರು. ಅಂಥದ್ದನ್ನು ಮಕ್ಕಳಿಗೆ ಹೇಳುವ ರೂಢಿ ತಮ್ಮಲ್ಲಿಲ್ಲ.

"ಹಾಗಾದರೆ ನಾನು ಹೇಳುತ್ತೇನೆ," ಎಂದರು ವತ್ಸಲಾ. "ನಾನು ಹೇಳಿದರೆ ಊರಿನ ಹೆಸರು, ಅಜ್ಜಿಯ ಹೆಸರು, ಎಲ್ಲ ತಪ್ಪು ತಪ್ಪಾಗಿ ಹೇಳುತ್ತೇನೆ. ನೋಡು ಮತ್ತೆ."

ಇದು ಬೆದರಿಕೆಯೇ, ಅದರಲ್ಲಿ ಸಂಶಯವಿಲ್ಲ. ರೋಗಿಯ ಹೆಸರನ್ನು ಡಾಕ್ಟರ್ ತಪ್ಪಾಗಿ ಕರೆಯುವುದನ್ನು ಇಷ್ಟು ವರ್ಷ ಸಹಿಸಿಕೊಂಡು ಬಂದಿದ್ದ ಮಿಲಾಗೆ ಅದು ಪೊಳ್ಳು ಬೆದರಿಕೆ ಅಲ್ಲವೆಂದೂ ಗೊತ್ತಿತ್ತು. ಭಾನುವಾರ ಚರ್ಚ್ ಮುಗಿಸಿ ಮಗಳಿಗೆ ಫೋನ್ ಮಾಡಿ ಊಟಕ್ಕೆ ಕರೆದರು.

ಆ ಊಟದಲ್ಲಿ ಏನೇನು ಮಾತಾಯಿತೆಂದು ವತ್ಸಲಾ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಅವರಿಗಿತ್ತು, ಹೇಳುವ ಮನಸ್ಸು ಆ ತಾಯಿ ಮಗಳಿಬ್ಬರಿಗೂ ಇರಲಿಲ್ಲ. ಗೊತ್ತಾದದ್ದು ಇಷ್ಟೇ. ಮಯುಮಿ ಅತ್ತು ಕಣ್ಣು ಊದಿಸಿಕೊಂಡು ಫ್ಲ್ಯಾಟಿಗೆ ಬಂದು, ಅದುವರೆಗೆ ಬರೆದದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡಿದಳು. ಹೊಸ ಕಥೆಯ ಮನನಂಗ್ಗಲ್ ಒಬ್ಬ ಮಿಡ್‌ವೈಫ್. ಹಗಲು ನಡೆದುಕೊಂಡು ಹೋಗುತ್ತಾಳೆ. ರಾತ್ರಿ ಬಸ್ಸಿಗೆ ಕಾಯುವಷ್ಟು ಪುರುಸೊತ್ತಿಲ್ಲದ ಹೆರಿಗೆಗಳಿಗೆ, ಕಾಲು ಬಿಟ್ಟು ಹಾರಿ ಹೋಗುತ್ತಾಳೆ. ಆ ಕಾಲಿನ ಮೇಲೆ ಉಪ್ಪು ಸುರಿಯಲು ಕಾದು ಕೂತವರು, ಅವಳ ಕೈಯಲ್ಲೇ ಹುಟ್ಟಿದವರು. ಆದರೆ ಕಥೆ ನಡೆಸುವವಳು ಅವಳಲ್ಲ, ಅವಳ ಹದಿನಾರು ವರ್ಷದ ಮೊಮ್ಮಗಳು. ಹಿಂದಿನ ಬಾಗಿಲು ತೆಗೆಯುವವಳು. ಯಾರಿಗೆ ತೆಗೆಯಬೇಕು, ಯಾರಿಗೆ ತೆಗೆಯಬಾರದು ಎಂದು ಅವಳು ನಿರ್ಧರಿಸಬೇಕು. ಇದು ಮಯುಮಿಯ ಸ್ವಂತ ಬುದ್ಧಿ. ವತ್ಸಲಾ ಎಷ್ಟು ಯೋಚಿಸಿದ್ದರೂ ಅವರಿಗೆ ಹೊಳೆಯುತ್ತಿರಲಿಲ್ಲ, ಅದನ್ನು ಅವರೇ ಒಪ್ಪಿಕೊಂಡರು. ಅವರು ಒಪ್ಪಿಕೊಂಡದ್ದನ್ನು ನಿಖಿತಾ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಳು.

ನಾಲಿಗೆಯ ವಿಷಯ ಮತ್ತೆ ಎದ್ದಿತು. ಈಗಲಾದರೂ ಅದನ್ನು ತೆಗೆಯಿರಿ ಎಂದು ವತ್ಸಲಾ ಪಟ್ಟು ಹಿಡಿದರು. ಅಡ್ಡ ಬಂದವರು ಮಿಲಾ. ನಾಲಿಗೆ ಕಿತ್ತರೆ ಅವಳು ಏಂಜೆಲ್ ಆಗಿಬಿಡುತ್ತಾಳೆ, ನನ್ನ ಅಜ್ಜಿ ಏಂಜೆಲ್ ಆಗಿರಲಿಲ್ಲ. ಹೆರಿಗೆ ಕೋಣೆಯಿಂದ ಗಂಡಸರನ್ನು ಓಡಿಸುವಾಗ ಅವಳು ಬಳಸುತ್ತಿದ್ದ ಮಾತು ಪಾದ್ರಿಯ ಕಿವಿಗೂ ಬಿದ್ದಿತ್ತು ಎಂದರು. ಹಾಗಾಗಿ ನಾಲಿಗೆ ಉಳಿಯಿತು. ಅದು ಮಾಡಿನ ಸಂದಿಯಿಂದ ಇಳಿದುಬಂದು ಕೂಸನ್ನಲ್ಲ, ಕೈಕಟ್ಟಿ ನಿಂತ ಗಂಡನನ್ನು ಹಿಡಿದುಕೊಳ್ಳುತ್ತದೆ. ಮಿಲಾ ಇನ್ನೊಂದು ತಿದ್ದುಪಡಿಯನ್ನೂ ಮಾಡಿಸಿದರು: ಮೊಮ್ಮಗಳ ಮೂಗು ಇನ್ನಷ್ಟು ಚೆನ್ನಾಗಿರಬೇಕು. ನಿಖಿತಾ ಆ ಮೂಗನ್ನು ಬರೆದು ಅಳಿಸಿ ಬರೆದು ಅಳಿಸಿ ಸುಸ್ತಾದಳು.

ಕಾಮಿಕ್ಸಿನ ಆ್ಯಪ್ ನಡೆಸುವ ಕಂಪನಿಯೊಂದರ ಸಂಪಾದಕ ವಿಡಿಯೋದಲ್ಲಿ ಮಾತಾಡಿದ. ಗಡ್ಡ ಬಾಚಿಕೊಂಡಿದ್ದ, ಬಹಳ ವಿನಯ. ಎಲ್ಲವೂ ಅದ್ಭುತವಾಗಿದೆ ಎಂದ. ಅಜ್ಜಿಗೆ ಹತ್ತೊಂಬತ್ತು ವರ್ಷ ಮಾಡಿದರೆ ಹೇಗೆ ಎಂದ. ಅವಳಿಗೆ ಒಬ್ಬ ರಕ್ತ ಹೀರುವ ಪ್ರಿಯಕರನನ್ನು ಕೊಡಬಹುದೇ ಎಂದ. ಪಕ್ಕದಲ್ಲಿ ಕೂತು ಶೇಂಗಾ ತಿನ್ನುತ್ತಿದ್ದ ವತ್ಸಲಾ ಪರದೆಯೊಳಗೆ ತಲೆ ತೂರಿಸಿ, ಹತ್ತೊಂಬತ್ತರ ಹುಡುಗಿಯಿಂದ ನಿನ್ನ ತಾಯಿ ಹೆರಿಗೆ ಮಾಡಿಸಿಕೊಳ್ಳುತ್ತಿದ್ದರೇ ಎಂದು ಕೇಳಿದರು. ಸಂಪರ್ಕ ಕಡಿದುಹೋಯಿತು. ನೆಟ್‌ವರ್ಕ್ ಸರಿಯಿರಲಿಲ್ಲವೆಂದು ವತ್ಸಲಾ ಹೇಳುತ್ತಾರೆ. ಹುಡುಗಿಯರು ಎರಡು ದಿನ ಮುನಿಸಿಕೊಂಡು, ಆಮೇಲೆ ತಮ್ಮದೇ ವೆಬ್‌ಸೈಟ್ ಮಾಡಿ ಪ್ರತಿ ಶುಕ್ರವಾರ ಒಂದೊಂದು ಕಂತು ಹಾಕತೊಡಗಿದರು.

ಓದುಗರು ಮೆಲ್ಲಗೆ ಬಂದರು. ಬೇಸಿಗೆಯಲ್ಲಿ ಸ್ಟ್ರಾಟ್‌ಫರ್ಡಿನ ಒಂದು ಸಭಾಂಗಣದಲ್ಲಿ ಕಾಮಿಕ್ಸ್ ಮೇಳ ನಡೆದಾಗ ಇವರಿಗೂ ಒಂದು ಮೇಜು ಸಿಕ್ಕಿತು. ಸುತ್ತಮುತ್ತ ಕಾಮಿಕ್ಸಿನ ಪಾತ್ರಗಳ ವೇಷ ಹಾಕಿ ನೀಲಿ ಕೂದಲು, ರಟ್ಟಿನ ಕತ್ತಿ, ಬಾಲ ಕಟ್ಟಿಕೊಂಡ ಜನ. ವತ್ಸಲಾ ಇಳಕಲ್ ಸೀರೆ ಉಟ್ಟು ಮೇಜಿನ ಹಿಂದೆ ಕೂತಿದ್ದರು. ರೆಕ್ಕೆ ಕಟ್ಟಿಕೊಂಡ ಹುಡುಗಿಯೊಬ್ಬಳು ಬಂದು, ವೇಷ ತುಂಬಾ ಚೆನ್ನಾಗಿದೆ, ನೀವು ಯಾವ ಪಾತ್ರ ಎಂದು ಕೇಳಿದಳು. ಗೈನಕಾಲಜಿಸ್ಟ್ ಎಂದರು ವತ್ಸಲಾ. ಹುಡುಗಿ ಅತ್ತಿತ್ತ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡು, ತಿಂಗಳ ನೋವು ಎಷ್ಟಿದ್ದರೆ ಬಡಾವಣೆಯ ಜಿಪಿ ಡಾಕ್ಟರಿಗೆ ತೋರಿಸಬೇಕು ಎಂದು ಪಿಸುಗುಟ್ಟಿದಳು. ಅವಳು ಎದ್ದಾಗ ಅವಳ ಗೆಳತಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಮೇಜಿನ ಮುಂದೆ ಕತ್ತಿ ಗುರಾಣಿ ಹಿಡಿದವರ ಸಾಲೇ ನಿಂತಿತ್ತು. ಒಬ್ಬರೂ ಮಾರಲಿಟ್ಟಿದ್ದ ಮನನಂಗ್ಗಲ್ ಸ್ಟಿಕರ್ ಕೊಳ್ಳಲು ಬಂದವರಲ್ಲ.

ಮಿಲಾ ಬರುವುದಿಲ್ಲವೆಂದಿದ್ದವರು ಬಂದರು, ದೊಡ್ಡ ಡಬ್ಬಿಯ ತುಂಬ ಪುತೋ ತಂದರು. ಅಕ್ಕಿಯ ಹಿಟ್ಟಿನಲ್ಲಿ ಹಬೆಗೆ ಬೇಯಿಸಿದ್ದು, ನಮ್ಮ ಇಡ್ಲಿಯ ಸಿಹಿ ತಂಗಿ. ಜೊತೆಗೆ ಆಸ್ಪತ್ರೆಯ ನರ್ಸ್ ಒಬ್ಬರು ಇದ್ದರು, ಅವರ ದೇಶದವರೇ, ಹಳೆಯ ಗೆಳತಿ. ಆ ಹೊತ್ತಿಗೆ ಫಿಲಿಪೀನ್ಸಿನ ಕಡೆಯ ಹುಡುಗಿಯೊಬ್ಬಳು ಮೇಜಿನ ಹತ್ತಿರ ಬಂದು, ನಾಯಕಿಯ ಚಿತ್ರವನ್ನು ಬೆರಳಿನಿಂದ ಮುಟ್ಟಿ, ಬಹಳ ತಗ್ಗಿದ ದನಿಯಲ್ಲಿ, ತನ್ನ ಅಜ್ಜಿಯೂ ಕಾಪಿಸ್‌ನವಳು, ಅದನ್ನು ಯಾರಿಗೂ ಹೇಳಬೇಡವೆಂದು ಮನೆಯಲ್ಲಿ ಹೇಳಿದ್ದಾರೆ ಎಂದಳು. ಮಯುಮಿ ತಾಯಿಯ ಕಡೆ ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ.

"ನಾನೂ ಕಾಪಿಸ್‌ನವಳೇ," ಎಂದರು ಮಿಲಾ. ವಾರ್ಡಿನ ಆ ತುದಿಗೆ ಕೇಳಿಸುವ ದನಿ ಅದು, ಸಭಾಂಗಣದಲ್ಲೂ ಕೇಳಿಸಿತು.

ಗೆಳತಿಯ ಬಾಯಲ್ಲಿ ಅರ್ಧ ಪುತೋ ಇತ್ತು. ಅವರು ಅಗಿಯುವುದನ್ನು ನಿಲ್ಲಿಸಿ ಮಿಲಾ ಮುಖ ನೋಡಿದರು, ಕೈಯಲ್ಲಿದ್ದ ಉಳಿದ ಅರ್ಧವನ್ನು ನೋಡಿದರು. ವತ್ಸಲಾ ಅವರ ಕೈ ಮೇಜಿನ ಮೇಲಿದ್ದ ನೀರಿನ ಬಾಟಲಿಯ ಕಡೆ ಹೋಯಿತು, ಕುಡಿಯುವುದಕ್ಕಲ್ಲ, ಎಸೆಯುವುದಕ್ಕೆ. ಎಸೆಯಬೇಕಾಗಿ ಬರಲಿಲ್ಲ. ಗೆಳತಿ ನುಂಗಿದರು. ಮೊದಲೇ ಹೇಳಬಾರದಾಗಿತ್ತೇ, ನಿನ್ನ ಅಡುಗೆ ಇಲೋಯ್ಲೋದವರ ಹಾಗಿಲ್ಲವೆಂದು ನನಗೆ ಯಾವಾಗಲೂ ಅನುಮಾನವಿತ್ತು ಎಂದು ಡಬ್ಬಿಯಿಂದ ಇನ್ನೊಂದು ಪುತೋ ತೆಗೆದುಕೊಂಡರು. ಮಿಲಾ ತಿರುಗಿ ನಿಂತು ಸ್ವಲ್ಪ ಹೊತ್ತು ಸ್ಟಿಕರುಗಳನ್ನು ಜೋಡಿಸಿದರು. ಅವು ಮೊದಲೇ ಜೋಡಿಸಿಯೇ ಇದ್ದವು.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಚಂದ್ರಗ್ರಹಣ ಬಂತು. ಲಂಡನ್ನಿನಲ್ಲಿ ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುತ್ತದೆ, ಸಂಜೆ ನೋಡಬಹುದು ಎಂದು ಗೊತ್ತಾಗಿ ಮಯುಮಿ ಮುಂದಿನ ಕಾಮಿಕ್ಸಿಗೆ ಬಕುನಾವಾನನ್ನು ಆರಿಸಿಕೊಂಡಿದ್ದಳು. ಅವನು ಸಮುದ್ರದ ಮಹಾಸರ್ಪ. ಆಕಾಶದಲ್ಲಿ ಏಳು ಚಂದ್ರರಿದ್ದರಂತೆ, ಆಸೆ ತಾಳಲಾರದೆ ಆರನ್ನು ನುಂಗಿಬಿಟ್ಟನಂತೆ. ಏಳನೆಯದಕ್ಕೆ ಬಾಯಿ ಹಾಕಿದಾಗಲೆಲ್ಲ ಜನ ಪಾತ್ರೆ ಬಡಿದು ಗದ್ದಲವೆಬ್ಬಿಸಿ ಅವನಿಂದ ಚಂದ್ರನನ್ನು ಉಗುಳಿಸುತ್ತಾರೆ. ಇದನ್ನು ಕೇಳಿ, ಎಂದೂ ವಾದಕ್ಕಿಳಿಯದ ನರಸಿಂಹಮೂರ್ತಿಯವರು ವಾದಕ್ಕಿಳಿದರು. ಚಂದ್ರನನ್ನು ನುಂಗುವುದು ರಾಹು, ಈ ಕೆಲಸಕ್ಕೆ ಇನ್ನೊಬ್ಬರು ಬೇಕಾಗಿಲ್ಲ ಎಂಬುದು ಅವರ ನಿಲುವು. ಒಬ್ಬನೇ ಎಷ್ಟು ಕಡೆ ಓಡಾಡುತ್ತಾನೆ, ರಾಹುವಿಗೂ ಡ್ಯೂಟಿ ಪಾಳಿ ಇರುತ್ತದೆ ಎಂದರು ಮಿಲಾ. ಮೂವತ್ತು ವರ್ಷ ಪಾಳಿಯಲ್ಲೇ ದುಡಿದವರಾದ್ದರಿಂದ ನರಸಿಂಹಮೂರ್ತಿಯವರಿಗೆ ಅದು ಒಪ್ಪಿಗೆಯಾಯಿತು.

ಸಂಜೆ ಐವರೂ ಸ್ಟ್ಯಾನ್ಮೋರಿನ ಹಿತ್ತಲಲ್ಲಿ ನಿಂತರು. ಬೇಲಿಯಾಚೆಯ ಮರಗಳ ಮೇಲೆ ಚಂದ್ರ ತುಕ್ಕು ಹಿಡಿದ ಬಾಣಲೆಯಂತೆ ಎದ್ದು ಬಂದ. ಮಿಲಾ ಸ್ಟೀಲಿನ ತಪ್ಪಲೆಗೆ ಸೌಟಿನಿಂದ ಮೆಲ್ಲಗೆ ಎರಡು ಬಾರಿಸಿ ನಾಚಿಕೊಂಡು ನಿಲ್ಲಿಸಿದರು. ವತ್ಸಲಾ ಅದನ್ನು ಕಸಿದುಕೊಂಡು, ಹಡೆಯುವವರಿಗೆ ತಿಣುಕು ತಿಣುಕು ಎನ್ನುವ ಹುರುಪಿನಲ್ಲೇ ಬಡಿಯತೊಡಗಿದರು. ಪಕ್ಕದ ಮನೆಯ ಕಿಟಕಿ ತೆರೆಯಿತು. ಎಲ್ಲ ಕ್ಷೇಮವೇ ಎಂದು ನೆರೆಯವರು ಇಂಗ್ಲಿಷಿನಲ್ಲಿ ಕೇಳಿದರು.

ನರಸಿಂಹಮೂರ್ತಿಯವರು ಬೇಲಿಯ ಹತ್ತಿರ ಹೋಗಿ, ಕ್ಷಮಿಸಬೇಕು, ಹಾವು ಚಂದ್ರನನ್ನು ನುಂಗಿಬಿಟ್ಟಿದೆ, ಉಗುಳುತ್ತಿದ್ದ ಹಾಗೇ ನಿಲ್ಲಿಸುತ್ತೇವೆ ಎಂದು ಮೈಸೂರಿನ ಸೌಜನ್ಯದಿಂದ ವಿವರಿಸಿದರು. ನೆರೆಯವರು ಆಕಾಶ ನೋಡಿದರು, ಸೀರೆ ಸಿಕ್ಕಿಸಿಕೊಂಡು ತಪ್ಪಲೆ ಬಡಿಯುತ್ತಿದ್ದ ಡಾಕ್ಟರನ್ನು ನೋಡಿದರು, ಸರಿ ಎಂದು ಕಿಟಕಿ ಮುಚ್ಚಿಕೊಂಡರು. ಚಂದ್ರನ ಅಂಚಿನಲ್ಲಿ ಉಗುರಿನಷ್ಟು ಬಿಳುಪು ಕಂಡಾಗ ಮಿಲಾ ಇನ್ನೊಂದು ಪಾತ್ರೆ ತರಲು ಒಳಗೆ ಓಡಿದರು.